ಗೋಲ್ ಹಿಂದೆ ನಿಂತಿದ್ದ ಐದು ಜನ

ಆಡ್ದೇ ಆಚೆ ಕೂತಿರೋ ಸಬ್‌ಸ್ಟಿಟ್ಯೂಟ್‌ಗಳೂ ಫುಟ್‌ಬಾಲ್ ರೆಫ್ರಿ ಕೈಕೆಳಗೇ ಬರ್ತಾರೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಗೆರೆ ಆಚೆ ನಿಂತು ಬೈದ್ರೂ ಕಾರ್ಡು, ಹೊಡೆದ್ರೂ ಕಾರ್ಡು. ಹೇಳೋಕೆ ಸುಲಭ. ಹೋದ ವರ್ಷ ನಂದಿದುರ್ಗ ಚಿನ್ನದ ಗಣಿ ಕಡೆ ಒಂದು ಗ್ರೌಂಡಲ್ಲಿ ಇದನ್ನ ಮಾಡಿ ತೋರಿಸ್ಬೇಕಾಗಿ ಬಂತು.

ನಾನು ಬಂಗಾರಪೇಟೆಯೋನು. ಆರು ದಿನ ಫ್ಯಾಕ್ಟರಿ, ಭಾನುವಾರ ರೆಫ್ರಿ. ಅವತ್ತು ಸೆಮಿಫೈನಲ್ಲು. ಅಲ್ಲೇ ಗಣಿ ಕೆಲಸದೋರ ಲೈನ್‌ಮನೆಗಳ ನೀಲಿ ಟೀಮು, ಕಾಮಸಮುದ್ರ ಕಡೆಯಿಂದ ಬಂದಿದ್ದ ಹಳದಿ ಟೀಮು. ಗ್ರೌಂಡಲ್ಲಿ ಒಂದು ಗೋಲ್ ಹಿಂದೆ ಇಳಿಜಾರು, ಕೆಳಗೆ ಗಣಿ ದಿಬ್ಬದ ಮಣ್ಣು ಕೊಚ್ಕೊಂಡು ಬಂದಿರೋ ಹಳ್ಳ. ಬಾಲು ಬಿದ್ರೆ ತರೋಕೇ ಐದು ನಿಮಿಷ. ಅದಕ್ಕೇ ಅಲ್ಲೊಂದು ಪದ್ಧತಿ: ಸಬ್‌ಗಳು ಬೆಂಚಲ್ಲಿ ಕೂರಲ್ಲ, ತಮ್ಮ ಗೋಲ್ ಹಿಂದೆ ಸಾಲಾಗಿ ನಿಂತು ಬಾಲ್ ತಡೀತಾರೆ. ಆಡೋರು ಹಾಕ್ಕೊಂಡಿರೋ ಜರ್ಸೀನೇ ಅವರದ್ದೂ. ನಾನು ಅವರನ್ನ ಅಲ್ಲಿಂದ ಕಳಿಸ್ಬೇಕಿತ್ತು. "ಯಾವಾಗ್ಲೂ ಇಂಗೇ ಸಾರ್ ಇಲ್ಲಿ" ಅಂದ್ರು ನೀಲಿ ಟೀಮಿನ ಕೋಚು. ಆಯ್ತು ಬಿಡಿ ಅಂದೆ. ಕೆಟ್ಟಿದ್ದೇ ಅಲ್ಲಿ.

ನೀಲಿ ಒಂದು ಗೋಲ್ ಮುಂದೆ. ಇನ್ನು ಮೂರೇ ನಿಮಿಷ. ಹಳದಿಯೋನು ಒದ್ದ ಬಾಲು ಕೀಪರ್‌ನ ದಾಟಿ ಮೆಲ್ಲಗೆ ಗೆರೆ ಕಡೆ ಉರುಳ್ತಿದೆ. ಗೋಲ್‌ಗೆ ನೆಟ್ಟೂ ಇಲ್ಲ. ಹಿಂದಿನಿಂದ ಒಂದು ನೀಲಿ ಸಾಕ್ಸಿನ ಕಾಲು ಒಳಗೆ ಬಂತು. ಧಬ್! ಬಾಲು ವಾಪಸ್. ಒದ್ದೋನು ಮತ್ತೆ ಅಲ್ಲಿ ನಿಂತಿದ್ದ ಐದು ಜನ ಸಬ್‌ಗಳೊಳಗೆ ಸೇರ್ಕೊಂಡುಬಿಟ್ಟ.

ವಿಶಲ್ ಊದಿ ಪೆನಾಲ್ಟಿ ಕಡೆ ಕೈ ತೋರಿಸ್ದೆ. ಜನ ಗೆರೆ ದಾಟಿ ನುಗ್ಗಿದ್ರು.

"ಏನ್ರೀ ರೆಫ್ರಿ, ಆಡ್ದೇ ಇರೋನು ಒದ್ರೆ ಯಾವ್ ಸೀಮೆ ಪೆನಾಲ್ಟಿ?"

"ಬಂಗಾರಪೇಟೆಗೆ ನಡ್ಕೊಂಡು ಓಗ್ತೀಯೋ, ಎತ್ಕೊಂಡು ಓಗ್ಬೇಕೋ?" ಹಿಂದಿನಿಂದ ಯಾರೋ. ಅದಕ್ಕೆ ನಾಲ್ಕು ಜನದ ನಗು ಬೇರೆ.

ಬೆನ್ನಿಗೆ ಒಂದು ಕೈ ತಾಗ್ತು. ತಳ್ಳಿದ್ದೋ, ಸುಮ್ನೆ ತಾಗಿದ್ದೋ, ತಿರುಗಿ ನೋಡೋ ಧೈರ್ಯ ಬರ್ಲಿಲ್ಲ.

ಪೆನಾಲ್ಟಿ ಕೊಡೋಕೆ ಒದ್ದೋನು ಯಾರು ಅಂತ ಬೇಕಿಲ್ಲ. ಆದ್ರೆ ಆಗ್ತಿದ್ದ ಗೋಲ್ ತಡೆದಿದ್ದಕ್ಕೆ ಅವನಿಗೆ ಕೆಂಪು ಕಾರ್ಡ್ ತೋರಿಸ್ಲೇಬೇಕು. ಟೀಮಲ್ಲಿ ಹನ್ನೊಂದು ಜನ ಹಂಗೇ ಇರ್ತಾರೆ, ಅವನೊಬ್ಬ ಆಚೆ. ಟೀಮು ಗೆದ್ರೂ ಅವನಿಗೆ ಫೈನಲ್ ಇಲ್ಲ. ನಾನು ನೋಡಿದ್ದು ಕಾಲು, ನಂಬರ್ ಅಲ್ಲ. ತಪ್ಪು ಮಾಡ್ದೇ ಇರೋನಿಗೆ ಕಾರ್ಡ್ ತೋರಿಸಿದ್ರೆ ಈ ಜನ ನನ್ನ ಬಿಡಲ್ಲ, ಬಿಡ್ಲೂಬಾರದು.

ಲೈನ್ಸ್‌ಮನ್ ಹತ್ರ ಓಡಿದೆ. ನನ್ನ ವಯಸ್ಸಿನೋರು, ಅಲ್ಲೇ ಲೈನ್‌ಮನೇಲಿ ಇರೋರು.

"ನಂಬರ್ ನೋಡಿದ್ರಾ ಅಣ್ಣ?"

"ಬಿಸ್ಲು ಕಣ್ಣಿಗೆ ಒಡೀತಿತ್ತು ಸಾರ್."

ಸೂರ್ಯ ಇದ್ದಿದ್ದು ಅವರ ಬೆನ್ನ ಹಿಂದೆ.

ಗೋಲ್ ಹಿಂದಕ್ಕೆ ಹೋದೆ. "ಯಾರಪ್ಪಾ ಒದ್ದಿದ್ದು?" ಐದೂ ಜನ ನೆಲ ನೋಡ್ತಿದ್ರು. ಯಾರಿಗೋ ಒಬ್ಬರಿಗೆ ತೋರಿಸಿ ಮುಗಿಸ್ಬಿಡೋಣ ಅನ್ನಿಸ್ತು. ಸುಳ್ಳು ಯಾಕೆ, ಕೈ ಜೇಬಿನ ತನಕ ಹೋಗಿತ್ತು.

ಅಷ್ಟರಲ್ಲಿ ಗಡ್ಡ ಅರ್ಧ ನರೆತಿದ್ದ ಹದಿನಾಲ್ಕು ನಂಬರಿನೋರು ಮುಂದೆ ಬಂದ್ರು. "ನಾನೇ ಸಾರ್. ಕೊಡಿ."

"ಮಾಮಾ, ನೀನ್ಯಾಕೆ..." ಅಂದ ಪಕ್ಕದಲ್ಲಿದ್ದ ಹದಿನೇಳು ನಂಬರಿನೋನು. ಬಾಗಿಲಷ್ಟು ಅಗಲ ಇದ್ದ ಆಳು.

"ಬಾಯ್ ಮುಚ್ಕೊಂಡ್ ನಿಂತ್ಕೊಳ್ಲಾ."

ನಂಗೆ ಕೇಳಿಸ್ತು, ಅರ್ಥಾನೂ ಆಯ್ತು. ಆದ್ರೂ ಹದಿನಾಲ್ಕಕ್ಕೇ ಕೆಂಪು ತೋರಿಸ್ದೆ. ಜನ ತಣ್ಣಗಾದ್ರು. ಪೆನಾಲ್ಟಿ ಗೋಲಾಯ್ತು, ಟೈಬ್ರೇಕರಲ್ಲಿ ನೀಲಿ ಗೆದ್ರು. ಅದಕ್ಕೇ ನನ್ನ ಮೈ ಯಾರೂ ಮುಟ್ಲಿಲ್ಲ.

ರಿಪೋರ್ಟ್ ಬರೆಯೋಕೆ ಕೂತೆ. ಲೈನ್ಸ್‌ಮನ್ ಬಂದು ಪಕ್ಕದಲ್ಲಿ ಬಗ್ಗಿ ಶೂ ಲೇಸ್ ಕಟ್ಕೊಳ್ಳೋ ಥರ ಮಾಡಿದ್ರು. "ಅದಿನೇಳು ಸಾರ್. ನಾನು ನೋಡ್ದೆ. ನನ್ನೆಸ್ರು ಬರೀಬೇಡಿ, ನಾನ್ ಇಲ್ಲೇ ಬದುಕ್ಬೇಕು." ಎದ್ದು ಹೋಗ್ಬಿಟ್ರು.

ಹದಿನಾಲ್ಕು ಅಂತ ಬರೆದ್ರೆ ಎಲ್ರೂ ಖುಷಿ. ಪೆನ್ನು ಹಿಡ್ಕೊಂಡು ಎಷ್ಟೊತ್ತು ಕೂತಿದ್ದೆನೋ. ಕೊನೆಗೆ ಬರೆದೆ: ಒದ್ದಿದ್ದು ಹದಿನೇಳು. ಹೆದರ್ಕೊಂಡು ತಪ್ಪು ಆಳಿಗೆ ಕಾರ್ಡ್ ತೋರಿಸಿದ್ದು ನಾನು. ಗೋಲ್ ಹಿಂದೆ ನಿಲ್ಲೋಕೆ ಬಿಟ್ಟಿದ್ದೂ ನಾನೇ. ಟೂರ್ನಮೆಂಟ್ ನಡೆಸೋರು ಓದಿ, ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಕೊಂಡ್ರು. "ಸಾರ್, ಮೊದ್ಲು ನೀವ್ ಊರ್ ಸೇರ್ಕೊಳ್ಳಿ. ಇದನ್ನ ನಾಳೆ ಓದಿದ್ದು ಅಂದ್ಕೊತೀವಿ."

ಸ್ಟೇಷನ್ನಲ್ಲಿ ಟ್ರೈನ್ ಇನ್ನೂ ಬಂದಿರ್ಲಿಲ್ಲ. ನಾನೊಬ್ಬನೇ. ಮೆಟ್ಟಿಲಲ್ಲಿ ಬೂಟಿನ ಸದ್ದು. ತಲೆ ಎತ್ತಿದ್ರೆ ಹದಿನೇಳು. ಜರ್ಸಿ ಕೂಡ ಬಿಚ್ಚಿಲ್ಲ. ನೆಟ್ಟಗೆ ಬಂದು ನನ್ನ ಬೆಂಚಲ್ಲೇ ಕೂತ. ಬ್ಯಾಗನ್ನ ಎದೆಗೆ ಅಡ್ಡ ಹಿಡ್ಕೊಂಡೆ.

"ಯಾವ್ ನಂಬರ್ ಬರೆದ್ರಿ?"

"ನಿಂದು."

ಹಳಿ ನೋಡ್ತಾ ಕೂತಿದ್ದ.

"ಸರಿ ಬಿಡಿ" ಅಂದ ಕೊನೆಗೆ. "ನೀವು ಬರೀದೇ ಇದ್ದಿದ್ರೆ, ನಾನೇ ಓಗಿ ನಿಜ ಏಳ್ಬೇಕಿತ್ತು. ನಂಗೂ ಭಯ ಆಗೋಗಿತ್ತು ಸಾರ್."

ಎದ್ದು ಹೋದ. ಟ್ರೈನ್ ಬಂದು ಬಾಗಿಲು ಎದುರಿಗೇ ನಿಂತ್ರೂ ನಾನು ಬ್ಯಾಗ್ ಹಿಡ್ಕೊಂಡು ಅಲ್ಲೇ ಕೂತಿದ್ದೆ.