ನಾನೇ ಸವೆಸಿದ ಅಕ್ಷರ

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವನು ನಾನು. ಅಂಥವನೇ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದೇನಿಲ್ಲ.

ಮಂಡ್ಯದಲ್ಲಿ ಲಗ್ನಪತ್ರಿಕೆ ವಿನ್ಯಾಸ ಮಾಡುವ ಪುಟ್ಟ ಅಂಗಡಿ ನನ್ನದು. ಈಗಿನ ಮದುಮಕ್ಕಳಿಗೆ ಹೊಸ ಕಾರ್ಡೂ ಹಳೇ ಕಾಗದದ ಹಾಗೆ ಕಾಣಬೇಕು. ಅದಕ್ಕೆಂದೇ ಹೋದ ವರ್ಷ, ಸವೆದ ಟೈಪ್‌ರೈಟರಿನಲ್ಲಿ ಹೊಡೆದಂತಿರುವ ಕನ್ನಡ ಫಾಂಟೊಂದನ್ನು ಕಂಪ್ಯೂಟರಿನಲ್ಲಿ ಮಾಡಿದೆ. ಯಾವ ಯಂತ್ರವನ್ನೂ ನೋಡಿ ಮಾಡಿದ್ದಲ್ಲ. ಮನಸ್ಸಿಗೆ ಬಂದಂತೆ ‘ತ’ದ ತಲೆಕಟ್ಟನ್ನು ಅರ್ಧಕ್ಕೆ ಮುರಿದೆ, ‘ದ’ವನ್ನು ಸಾಲಿನಿಂದ ಚೂರು ಮೇಲೆತ್ತಿದೆ, ‘ಮ’ದ ಹೊಟ್ಟೆಗೆ ಮಸಿ ತುಂಬಿದೆ. ಮೊದಲು ಬಳಸಿದ್ದು ಕೆರಗೋಡಿನ ಒಂದು ಮದುವೆಗೆ.

ಪಿತೃಪಕ್ಷದ ಒಂದು ಮಧ್ಯಾಹ್ನ ಆ ಊರಿನ ಅಣ್ಣ ತಂಗಿ ಅಂಗಡಿಗೆ ಬಂದರು. ತಂಗಿ ಮನೆಯವರ ಮಾತು ಮೀರಿ ಮದುವೆಯಾಗಿ ಪೂರಿಗಾಲಿ ಸೇರಿದವಳು. ಕೋರ್ಟಿನ ಮುಂದೆ ಕೂತು ಅರ್ಜಿ ಟೈಪು ಮಾಡುತ್ತಿದ್ದ ಅಪ್ಪ, ಸಾಯುವವರೆಗೂ ಅವಳನ್ನು ಹೊಸಿಲು ತುಳಿಯಗೊಡಲಿಲ್ಲ. ಅವರು ಸತ್ತ ಮಾರನೇ ವಾರ ಅವಳಿಗೆ ಅಂಚೆಯಲ್ಲಿ ಒಂದು ಕಾಗದ ಬಂತಂತೆ. ಐದು ವರ್ಷ ಅದನ್ನು ಬಚ್ಚಿಟ್ಟುಕೊಂಡಿದ್ದವಳು ಈ ಸಲ ಧೈರ್ಯಮಾಡಿ, ಅಪ್ಪನಿಗೆ ಎಡೆ ಇಡಲು ತನ್ನನ್ನೂ ಸೇರಿಸಿಕೊಳ್ಳಿ ಎಂದು ಅಣ್ಣನೆದುರು ಹಿಡಿದಿದ್ದಳು.

ಅಣ್ಣ ಆ ಕಾಗದವನ್ನೂ ನಾನು ಅವರೂರಿಗೆ ಮಾಡಿಕೊಟ್ಟಿದ್ದ ಮದುವೆ ಕಾರ್ಡನ್ನೂ ಮೇಜಿನ ಮೇಲೆ ಜೋಡಿಸಿಟ್ಟ.

“ಇದ್ನ ನೀನೇ ಅಲ್ವೇನಪ್ಪ ಮಾಡ್ಕೊಟ್ಟಿರೋದು? ನಮ್ಮಪ್ಪನ ಎಸ್ರಲ್ಲಿ ಸುಳ್ಳು ಕಾಗ್ದ.”

‘ಮಗಳೇ, ತಪ್ಪು ನನ್ನದೂ ಇದೆ. ಮನೆಗೆ ಬಾ.’ ಅಷ್ಟೇ ಇತ್ತು, ಸಹಿಯೂ ಇರಲಿಲ್ಲ. ಕಾರ್ಡಿನ ಪಕ್ಕ ಹಿಡಿದು ಒಂದೊಂದೇ ಅಕ್ಷರ ಹೋಲಿಸಿದೆ. ಅದೇ ಮುರಿದ ‘ತ’. ಅದೇ ಮೇಲೆದ್ದ ‘ದ’. ‘ಮ’ದಲ್ಲಿ ಅದೇ ಮಸಿ. ಆ ಕಾಗದವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ನಿಜವಾಗಿ ಟೈಪು ಮಾಡಿದ್ದಾದರೆ ಹಿಂಬದಿಯಲ್ಲಿ ಅಕ್ಷರದ ಉಬ್ಬು ಬೆರಳಿಗೆ ಸಿಗಬೇಕು. ತಿರುಗಿಸಿ ಸವರಿದೆ. ನುಣ್ಣಗಿತ್ತು. ಹರಿದುಹೋದೀತೆಂದು ಪುಣ್ಯಾತ್ಗಿತ್ತಿ ಅದನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದಳು.

“ನೀವೇ ಯೋಳಿ ಅಣ್ಣ,” ಎಂದಳು. “ನಾನು ನಿಮ್ಮಂಗ್ಡಿಗೆ ಕಾಲಿಟ್ಟಿದ್ದೇ ಇವತ್ತು.”

ಅದು ನಿಜ. ಆದರೆ ಈ ಅಕ್ಷರ ಬರೀ ನನ್ನ ಮನಸ್ಸಿಗೆ ಬಂದದ್ದೆಂಬ ನಿಜವನ್ನು ಹೇಳಿದರೆ ಯಾರು ನಂಬುತ್ತಾರೆ? ನನಗೇ ನಂಬಿಕೆ ಬರುತ್ತಿರಲಿಲ್ಲ. ಸುಳ್ಳು ಹೇಳಿದೆ: “ಈ ಅಕ್ಷರ ನಾನು ಮಾಡಿದ್ದು ಒಂದು ಹಳೇ ಅರ್ಜಿ ನೋಡಿ. ಅದನ್ನೂ ನಿಮ್ಮಪ್ಪನೇ ಟೈಪು ಮಾಡಿದ್ದಿರಬೇಕು.”

ಅಣ್ಣ ಕಾಗದವನ್ನು ತಂಗಿಯ ಕೈಗಿಟ್ಟ. ಆಮೇಲೆ ಕಣ್ಣೊರೆಸಿಕೊಂಡು, “ನಡಿಯವ್ವ, ಎಡೆಗೆ ಒತ್ತಾಯ್ತದೆ,” ಎಂದ.

ಅವಳು ಬಾಗಿಲಿನಿಂದ ವಾಪಸು ಬಂದಳು. “ಆ ಅರ್ಜಿ ಇದ್ರೆ ನಂಗೆ ಕೊಡ್ತೀರಾ ಅಣ್ಣ? ನಮ್ಮಪ್ಪಂದು ಅಂತ ನಂತಾವ ಇನ್ನೇನೂ ಇಲ್ಲ.”

ಹುಡುಕಿ ಕೊಡ್ತೀನಿ ಅಂದೆ. ಈಗಲೂ ಆಗಾಗ ಫೋನ್ ಮಾಡುತ್ತಾಳೆ. ಆ ‘ತ’ವನ್ನು ಸರಿಯಾಗಿ ಅಲ್ಲೇ ಯಾಕೆ ಮುರಿದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಇಲ್ಲದ ಅರ್ಜಿಯನ್ನು ಅವಳಿಗೆ ಎಲ್ಲಿಂದ ತಂದುಕೊಡಲಿ?