ಗೋದಾಬಾಯಿಯ ಮನಿ ಮಾರಿದ ರೊಕ್ಕ

ಆ ರೊಕ್ಕ ಮುಳುಗಿದರೆ ಊರೆಲ್ಲ ತನ್ನ ಕಡೆಗೇ ಬೆರಳು ಮಾಡುತ್ತದೆ ಎಂಬ ಚಿಂತೆ ನಿರುಪಮಾಳಿಗೆ ಬಾಣಂತಿಯ ಸೊಂಟನೋವಿನ ಹಾಗೆ ಹತ್ತಿಕೊಂಡಿತ್ತು. ಕೂತರೂ ಹೋಗದು, ನಿಂತರೂ ಹೋಗದು.

ರೊಕ್ಕ ಅವಳದಲ್ಲ, ಅತ್ತೆ ಗೋದಾಬಾಯಿಯದು. ಹನ್ನೊಂದಕ್ಕೆ ಮದುವೆ, ಇಪ್ಪತ್ತಾರಕ್ಕೆ ವೈಧವ್ಯ, ಆಮೇಲೆ ಧಾರವಾಡದ ಈ ಮನೆಯಲ್ಲಿ ಮಡಿ, ಹಪ್ಪಳ, ಏಕಾದಶಿ. ಇಷ್ಟೇ ಆಕೆಯ ಚರಿತ್ರೆ ಎಂದು ಮಂದಿ ತಿಳಿದಿದ್ದರು. ಅಣ್ಣತಮ್ಮಂದಿರಿಲ್ಲದ್ದರಿಂದ ಹುಬ್ಬಳ್ಳಿಯ ತವರುಮನೆ ಆಕೆಗೇ ಬಂದಿತ್ತು. ೧೯೩೮ರಲ್ಲಿ ದುರ್ಗದಬೈಲಿನ ಅರಳೆ ವ್ಯಾಪಾರಿ ಕುಬೇರಪ್ಪ ಅದನ್ನು ಎಂಟುನೂರಕ್ಕೆ ಕೊಂಡ. ಆಕೆ ರೊಕ್ಕ ಮುಟ್ಟಲಿಲ್ಲ.

"ನಿಮ್ಮ ಹತ್ರನ ಇರಲ್ರಿ. ನಮ್ಮ ಸೊಸಿ ಯಾರಿಗೆ ಹೇಳ್ತಾಳೋ ಅವರಿಗೆ ಕೊಡ್ರಿ. ಪುಣೇದಾಗ ಸಾಲಿ ಕಲ್ತಾಕಿ!"

ಅಂದಿನಿಂದ ಯಾರಾದರೂ ರೊಕ್ಕದ ಮಾತೆತ್ತಿದರೆ ಸಾಕು, ಗೋದಾಬಾಯಿ ಬಾವಿಕಟ್ಟೆಗೆ ಹೋಗಿ ಎರಡು ಕೊಡ ನೀರು ಸುರಿದುಕೊಳ್ಳುವಳು. "ಮಡಿಲೆ ಇದ್ದೀನಪಾ, ದೂರ ನಿಂದ್ರು. ಸೊಸಿನ್ನ ಕೇಳು." ನಿರುಪಮಾಳ ಗಂಡ ಯಜ್ಞೇಶ್ವರ, ಸಾಲಿ ಮಾಸ್ತರ, ಅತ್ತೆಸೊಸೆಯರ ನಡುವೆ ತಲೆಹಾಕುವ ಧೈರ್ಯದವನಲ್ಲ.

ಗೋದಾಬಾಯಿಯ ಮೈದುನ ಏಕನಾಥ ಕಾಕಾ ಮಾತ್ರ ಬಿಡುವ ಆಸಾಮಿಯಲ್ಲ. ದಿನಾ ಬಂದು ಕೂಸು ದತ್ತೂನ ಗಲ್ಲ ಹಿಂಡುವನು. "ಬೆಳ್ಳಿ ದರದ ಸಟ್ಟಾದಾಗ ಬಾಜಿ ಕಟ್ಟಿದ್ರ ದಸರಾಕ್ಕ ಇಮ್ಮಡಿ, ತಂಗಿ!" ಗಂಡನ ಕಾಕಾನಿಗೆ ಎದುರುನಿಂತು ಮಾತಾಡುವ ಪದ್ಧತಿಯಿಲ್ಲ, ನಿರುಪಮಾ ಬಾಗಿಲ ಮರೆಯಲ್ಲಿ ತಲೆ ತಗ್ಗಿಸುವಳು.

ಒಂದು ಮುಂಜಾನೆ ಹಿತ್ತಲಿಗೆ ಇಣುಕಿದರೆ, ಅತ್ತೆ ಮಾರುದೂರ ನಿಂತು ಕುದುರೆ ಪರೀಕ್ಷಿಸುತ್ತಿದ್ದಾಳೆ! ಕುದುರೆ ಹಿಡಿದವನು ಬಾಡಿಗೆ ಟಾಂಗಾ ಹೊಡೆಯುವ ಬಂದೇನವಾಜ.

"ಬಾಯಿ ತೆಗಿಸೋ, ಹಲ್ಲು ನೋಡ್ತೀನಿ."

"ಅವ್ವಾರ, ಹೆಣ್ಣು ನೋಡಾಕ ಬಂದಂಗ ಮಾಡ್ತೀರಲ್ರಿ!"

"ನನ್ನ ನೋಡ್ಲಿಕ್ಕೆ ಬಂದಾಗೂ ಹಲ್ಲು ನೋಡಿದ್ರು. ಕುದುರಿಗೇನು ನಾಚಿಕಿ?"

"ಅತ್ಯಾ, ಇದೇನ್ರಿ?" ನಿರುಪಮಾ ಚೀರಿದಳು.

"ಹೊಸಾ ಟಾಂಗಾ, ಈ ಕುದುರಿ, ಕೂಡಿ ಮುನ್ನೂರು. ಇವ ಹೊಡೀತಾನ, ಗಳಿಕಿ ಅರ್ಧರ್ಧ. ಬಸ್ಸಿನ್ಯಾಗ ಯಾರ್ಯಾರೋ ಮುಟ್ಟತಾರ. ನನ್ನ ಟಾಂಗಾದಾಗ ಉಣ್ಣಿ ದಾಬಳಿ ಹಾಸಿಕೊಂಡು ಕೂತ್ರ ಮಡಿ ಎಲ್ಲಿ ಹೋಗ್ತದ?" ಆಮೇಲೆ ದನಿ ಇಳಿಸಿದಳು. "ಅಪ್ಪನ್ನ ಕೇಳಿ ಹೊರಬಿದ್ದೆ, ಗಂಡನ್ನ ಕೇಳಿ ಹೊರಬಿದ್ದೆ, ಈಗ ಮಗನ್ನ ಕೇಳ್ತೀನಿ. ಒಮ್ಮೆ ನನ್ನ ಗಾಡ್ಯಾಗ ನನ್ನ ಮನಸಿಗೆ ಬಂದಲ್ಲೆ ಹೋಗಬೇಕವಾ. ಆದ್ರ ಹೇಳಾಕಿ ನೀನ."

"ನಾನ್ಯಾಕ್ರಿ?"

"ನಾ ಅಂದ್ರ ಮುದುಕಿಗೆ ಹುಚ್ಚು ಅಂತಾರ. ಸಾಲಿ ಕಲ್ತಾಕಿ ಅಂದ್ರ ಸುಧಾರಣಾ ಅಂತಾರ."

ಕುದುರೆ ಕುಂಟಾದರೆ? ಯಾರಿಗಾದರೂ ಒದ್ದರೆ? ಅದರ ಕೆಮ್ಮು ದತ್ತೂಗೆ ಹತ್ತಿದರೆ? ನಿರುಪಮಾ ಎರಡು ದಿನ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮೂರನೆಯ ದಿನ ಕಾಕಾ ಕೊಡೆ ಹಿಡಿದೇ ಬಂದ. "ಇವತ್ತ ಹೋಗಿ ಎಂಟುನೂರೂ ಇಸಕೊಳ್ಳಲೇನು, ತಂಗಿ? ಬ್ಯಾಡಾಗಿದ್ರ ಈಗ ಹೇಳು." ಬಾಗಿಲ ಮರೆಯ ನಿರುಪಮಾ ರೂಢಿಯಂತೆ ಬಾಯಿ ಬಿಡಲಿಲ್ಲ. "ಸುಮ್ಮನಿದ್ದಾಳಂದ್ರ ಒಪ್ಪಿಗಿ!" ಎಂದವನೇ ಸ್ಟೇಶನ್ನಿನ ಹಾದಿ ಹಿಡಿದ.

ಒಳಗೆ ಗೋದಾಬಾಯಿಯ ಕೈಯಲ್ಲಿ ಮೊರ ನಿಂತುಬಿಟ್ಟಿತ್ತು. ಅದನ್ನು ನೋಡಲಾಗದೆ ನಿರುಪಮಾ ಕೂಸನ್ನು ಆಕೆಯ ತೊಡೆಗೆ ಹಾಕಿದಳು.

"ಮಡಿಲೆ ಇದ್ದೀನ..."

"ಇನ್ನೊಮ್ಮೆ ನೀರು ಹಾಕ್ಕೊಳ್ರಿ!"

ಅವಳು ಪೋಸ್ಟಾಫೀಸಿಗೆ ಓಡಿದಳು. ಹುಬ್ಬಳ್ಳಿಗೆ, ಕುಬೇರಪ್ಪನ ಅಂಗಡಿಗೆ ಲೈನು ಸಿಗಲು ಮುಕ್ಕಾಲು ತಾಸು. ಟೆಲಿಫೋನು ಮುಟ್ಟಿದ್ದು ಅದೇ ಮೊದಲು. ಕರಿ ಕೊಳವೆ ಬೆವರಿಗೆ ಜಾರುತ್ತಿತ್ತು.

"ನಾನ್ರಿ, ಗೋದಾಬಾಯಿಯವರ ಸೊಸಿ!"

"ಹೇಳವಾ," ಎಂದ ಕುಬೇರಪ್ಪ. "ಏಕನಾಥರಾಯ್ರು ಈಗ ಬಂದು ಕುಂತಾರ. ನೀ ಒಪ್ಪೀದಿ ಅನ್ನಾಕತ್ತಾರ. ರೊಕ್ಕ ಕೊಡಲೇನು?"

"ಬ್ಯಾಡ್ರಿ! ಮುನ್ನೂರು ಟಾಂಗಾದ ಬಂದೇನವಾಜಗ ಕೊಡ್ರಿ. ಉಳಿದದ್ದು ನಿಮ್ಮ ಹತ್ರನ ಇರಲಿ. ಅತ್ಯಾ ಕುದುರಿ ತಗೊಳ್ಳಿಕ್ಕೆ ಹತ್ಯಾರ."

ಆ ಕಡೆ ಅರಳೆ ಮೂಟೆ ಉರುಳಿದಂಥ ನಗೆ. "ಕುದುರಿ! ಇದನ್ನ ರಾಯ್ರಿಗೆ ನಾ ಹೆಂಗ ಹೇಳಲವಾ?"

ನಿರುಪಮಾ ಕೊಳವೆಯನ್ನು ಎರಡೂ ಕೈಯಲ್ಲಿ ಹಿಡಿದಳು.

"ನೀವು ಹೇಳಬ್ಯಾಡ್ರಿ. ಕಾಕಾರ ಕೈಯಾಗ ಕೊಡ್ರಿ ಫೋನು. ನಾನ ಮಾತಾಡ್ತೀನಿ."