ಕೋರಿಕೆ ನಿಲುಗಡೆ

ಪಾಂಡುರಂಗ ಮಾಮ ಸೀನುವುದಕ್ಕೂ ಮೊದಲೇ ಪ್ರಕಟಣೆ ಕೊಡುತ್ತಿದ್ದರು. "ಪ್ರಯಾಣಿಕರ ಗಮನಕ್ಕೆ" ಎಂದು ಮೂಗು ಮೇಲೆತ್ತಿ, ಕಣ್ಣು ಮುಚ್ಚಿ, ಒಂದು ಗಳಿಗೆ ತಡೆದು, ಆಮೇಲೆ ಸೀನು. ಅವರ ತಂಗಿ ಶಾಂತಕ್ಕ ಚಹಾ ತಂದರೆ, "ಅಡುಗೆಮನೆಯಿಂದ ಹೊರಟ ಚಹಾ ಪ್ಲಾಟ್‌ಫಾರ್ಮ್ ಒಂದಕ್ಕೆ ಬಂದಿದೆ." ಜಗಲಿಗೆ ಬೆಕ್ಕು ಬಂದರೆ ಅದಕ್ಕೆ ಪ್ಲಾಟ್‌ಫಾರ್ಮ್ ಎರಡು.

ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು, ಮೈಕಿನ ಮುಂದೆ ಕೂತೇ ತಲೆ ಹಣ್ಣಾಗಿ ನಿವೃತ್ತರಾದವರು ಅವರು. ಮೈಕು ಅಲ್ಲೇ ಉಳಿಯಿತು, ದನಿ ಮಾತ್ರ ಮನೆಗೆ ಬಂತು. ಆ ದನಿಯನ್ನು ನಾನು ಮೊದಲು ಕೇಳಿದ್ದು ಫೋನಿನಲ್ಲಿ. ಗುಡಾಣದ ಒಳಗಿನಿಂದ ಬಂದಂಥ ದನಿ. ಆರಡಿ ಆಳು, ಹುರಿ ಮೀಸೆ, ಕಂಬದಂಥ ಕುತ್ತಿಗೆ ಎಲ್ಲ ನಾನೇ ಕಲ್ಪಿಸಿಕೊಂಡು ಹೊನ್ನಾವರದ ಅವರ ಮನೆಗೆ ಹೋದರೆ, ಬಾಗಿಲು ತೆಗೆದದ್ದು ಒಂದು ಷರಟು. ಅದರೊಳಗೆ ಮನುಷ್ಯ ಇದ್ದಾನೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮಾಮ ಇದ್ರಾ?" ಎಂದೆ.

"ಅವರೇ ಮಾತಾಡುತ್ತಿದ್ದಾರೆ" ಎಂದಿತು ಷರಟು.

ನಾನು ಭಟ್ಕಳದಲ್ಲಿ ಶಾಲೆ ಮಕ್ಕಳ ವ್ಯಾನು ಓಡಿಸುವವನು. ಉಪವೃತ್ತಿ ಮಿಮಿಕ್ರಿ. ಶಾಲೆಯ ಹೆಡ್ಮಾಸ್ಟರು, ಪಂಚಾಯ್ತಿ ಸದಸ್ಯರು, ನಮ್ಮ ಮಾವಂದಿರು, ಯಾರನ್ನೂ ಬಿಟ್ಟಿಲ್ಲ. ನನ್ನ ಸ್ವಂತ ದನಿ ಯಾವುದು ಎಂದು ಹೆತ್ತ ತಾಯಿಗೇ ಅನುಮಾನ. ನನ್ನನ್ನು ನೋಡಲು ಬಂದ ಹುಡುಗಿಯ ಅಪ್ಪನ ಕೆಮ್ಮನ್ನು ಅಡುಗೆಮನೆಯಲ್ಲಿ ಅನುಕರಿಸಿ, ಅದು ಹೊರಗೆ ಕೇಳಿ, ಸಂಬಂಧ ಉಪ್ಪಿಟ್ಟಿನ ಹಂತದಲ್ಲೇ ಮುರಿದುಬಿದ್ದ ಕೀರ್ತಿಯೂ ನನ್ನದೇ. ಮೊದಲ ಭೇಟಿಯಲ್ಲೇ ನಾನು ಮಾಮನ ದನಿಯನ್ನು ಅವರಿಗೇ ಮಾಡಿ ತೋರಿಸಿದೆ. ಕಿವಿಗೊಟ್ಟು ಕೇಳಿದರು. "ಕುಮಟಾ ಅಂದ ಮೇಲೆ ಉಸಿರು ಎಳ್ಕಾ. ಜನಕ್ಕೆ ಚೀಲ ಎತ್ತೂಕೆ ಟೈಮ್ ಬೇಕಲ್ಲ?" ಎಂದು ತಿದ್ದಿದರು. ಅಂದಿನಿಂದ ನಾನು ಅವರ ಪಾಲಿಗೆ 'ಡೂಪ್ಲಿಕೇಟು'.

ಅವರು ಫೋನು ಮಾಡಿದ್ದು ನನ್ನ ವ್ಯಾನಿನ ಖಾಲಿ ಹೊತ್ತಿಗಾಗಿ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಟ್ಟ ಮೇಲೆ ಸಂಜೆಯವರೆಗೆ ನಮ್ಮಂಥವರ ಗಾಡಿಗಳು ಮರದಡಿ ನಿದ್ದೆ ಮಾಡುತ್ತವೆ, ಒಳಗೆ ನಾವೂ. ಭಟ್ಕಳದಿಂದ ಕುಮಟಾದವರೆಗೆ ಅಂಥ ಗಾಡಿಗಳನ್ನೆಲ್ಲ ಮಾಮ ಹುಡುಕಿ ಎಬ್ಬಿಸಿದ್ದರು. ಮೊಣಕಾಲು ಕೈಕೊಟ್ಟವರು, ಗಾಲಿಕುರ್ಚಿಯವರು, ಕಣ್ಣು ಕಾಣದವರು ಅವರಿಗೆ ಫೋನು ಮಾಡುವುದು. ಯಾವ ಗಾಡಿ ಯಾರನ್ನು ಎಲ್ಲಿಂದ ಎಲ್ಲಿಗೆ ಎಂದು ಮಾಮ ಕೂಡಿಸುವುದು. ಕಿವಿ ಕೇಳದವರಿಗೆ ಗಟ್ಟಿ ಗಂಟಲಿನ ಡ್ರೈವರ್, ಹೆದರುವವರಿಗೆ ನಿಧಾನದವನು, ಬೇಜಾರಿನಲ್ಲಿರುವವರಿಗೆ ನಾನು.

"ಇದೆಲ್ಲ ನಿಮಗೆ ಎಂತಕ್ಕೆ ಬೇಕಿತ್ತು ಮಾಮಾ?" ಎಂದು ಕೇಳಿದ್ದೆ.

"ಮೈಕಲ್ಲಿ ನಾನು ಕರೀತಿದ್ದೆ. ಜನ ಓಡಿ ಬಂದು ಹತ್ತುತಿದ್ರು. ಒಂದಿಬ್ರು ಮಾತ್ರ ಬೆಂಚಿಂದ ಎದ್ದು, ಬಸ್ಸಿನ ಮೊದಲ ಮೆಟ್ಲು ನೋಡಿ, ವಾಪಸ್ ಹೋಗಿ ಕೂರ್ತಿದ್ರು. ನಾನು ಕಿಟಕಿಯಿಂದ ಅವ್ರನ್ನ ಕಾಣ್ತಾ ಇರ್ತಿದ್ದೆ. ಕರೆದವ ನಾನೇ ಅಲ್ವನಾ?"

ಅವರದ್ದೇ ಒಂದು ಕಾನೂನಿತ್ತು. ಬಸ್ಸುಗಳಿಗೆ 'ಕೋರಿಕೆ ನಿಲುಗಡೆ' ಎಂಬ ಬೋರ್ಡು ಇರುತ್ತದಲ್ಲ, ಯಾರಾದರೂ ಕೇಳಿದರೆ ಮಾತ್ರ ನಿಲ್ಲುವ ಜಾಗ? ಹಾಗೆ ನಮ್ಮ ಗಾಡಿಯ ಪ್ರತಿ ಪ್ರಯಾಣಿಕರಿಗೂ ಮರಳುವಾಗ ಒಂದು ಕೋರಿಕೆ ನಿಲುಗಡೆ ಕಡ್ಡಾಯ. "ಆಸ್ಪತ್ರೆಗೆ ಹೋಗು ಅಂದದ್ದು ಮಕ್ಕಳು. ಮತ್ತೆ ಬಾ ಅಂದದ್ದು ಡಾಕ್ಟ್ರು. ಅವ್ರು ಕೇಳಿದ್ದು ಎಂತ? ಒಂದು ಕಡೆಯಾದ್ರೂ ಅವ್ರು ಹೇಳಿದಲ್ಲಿ ಗಾಡಿ ನಿಲ್ಬೇಕು." ಷರತ್ತು ಎರಡು: ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ರೂಟು ಬಿಡುವಂತಿಲ್ಲ.

ಭಟ್ಕಳದ ಒಬ್ಬ ಗಾಲಿಕುರ್ಚಿಯ ಸಾಹೇಬರ ಕೋರಿಕೆ ಮೀನು ಮಾರ್ಕೆಟ್ಟು. ಮೀನು ಕೊಳ್ಳುವುದಕ್ಕಲ್ಲ, ಬರೀ ಚೌಕಾಸಿಗೆ. ವ್ಯಾನಿನ ಕಿಟಕಿಯಲ್ಲೇ ಬಂಗಡೆಯ ಕಿವಿರು ಎತ್ತಿ ನೋಡಿ, "ಅರೆ, ಇದು ನಿನ್ನೆಯದು, ನನ್ನ ವಯಸ್ಸಿಗೆ ಮರ್ಯಾದೆ ಕೊಡು!" ಎಂದು ಕೂಗಾಡಿ, ಬೈಸಿಕೊಂಡು, ಕೆಂಪಗಾಗಿ, "ಚಲೋ ಬೇಟಾ" ಎನ್ನುತ್ತಿದ್ದರು. ಮನೆಗೆ ಮುಟ್ಟುವವರೆಗೂ ಮುಖದಲ್ಲಿ ಬೆಳಕು.

ಇಡೀ ರೂಟಿನಲ್ಲಿ ಮಾಮನಿಗೆ ಎದುರಾಡುತ್ತಿದ್ದವಳು ಒಬ್ಬಳೇ, ಬೆಳಕೆಯ ಜಟ್ಟಮ್ಮಜ್ಜಿ. ಸಕ್ಕರೆ ಕಾಯಿಲೆಗೆ ಒಂದು ಕಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕೃತಕ ಕಾಲು ಹಾಕಿಸಿಕೊಂಡು, ಅದನ್ನು ತೋರಿಸಲು ಆಗಾಗ ಕುಮಟಾಕ್ಕೆ ನನ್ನ ವ್ಯಾನಿನಲ್ಲೇ ಹೋಗಬೇಕು. ಹಿಂದಿನ ದಿನ ಅವರಿಬ್ಬರ ಫೋನು ಕೇಳಬೇಕಿತ್ತು.

"ಪ್ರಯಾಣಿಕರ ಗಮನಕ್ಕೆ. ಬೆಳಕೆಯಿಂದ ಕುಮಟಾ ಕಡೆಗೆ ಹೋಗುವ ವಾಹನ ಒಂಬತ್ತೂವರೆಗೆ ನಿಮ್ಮ ಗೇಟಿಗೆ ಬರಲಿದೆ."

"ನನ್ನ ಮನೆಗೆ ಗೇಟ್ ಎಲ್ಲದ್ಯಾ? ಬೇಲಿ ಇತ್ತು, ಅದನ್ನೂ ದನ ತಿಂದ್ಕ ಹೋತು."

"ಹಾಂಗಾರೆ ಬೇಲಿ ಇದ್ದ ಜಾಗಕ್ಕೆ ಬರಲಿದೆ. ಹೋದ ಸಲ ನೀನು ಲೇಟು. ಗಾಡಿ ಕಾಯೂದಿಲ್ಲ."

"ಎರಡು ಕಾಲಿದ್ದವ ಹೇಳೂಕೆ ಅಡ್ಡಿಲ್ಲ. ನೀ ಒಂದ್ಸಲ ಬಂದು ಈ ಓಣಿ ಕಾಣು, ನಾ ನಡೆಯೂದು ಕಾಣು. ಆಮೇಲೆ ಟೈಮ್ ಹೇಳು."

"ಆತು, ಮುಂದಿನ ಟ್ರಿಪ್ಪಿಗೆ ನಾನೇ ಬತ್ತೆ."

ಎಷ್ಟು ಟ್ರಿಪ್ಪು ಕಳೆದರೂ ಮಾಮ ಬರಲಿಲ್ಲ. ಒಮ್ಮೆ ಕುಮಟಾದಿಂದ ಮರಳುವಾಗ ಅಜ್ಜಿಯೇ ಹಟ ಹಿಡಿದಳು. "ಈ ಸಲ ನನ್ನ ಕೋರಿಕೆ ಸ್ಟಾಪು ಅವ್ನ ಮನೆ. ನಿಲ್ಸು." ನಾನು ಫೋನು ಹಚ್ಚಿದೆ. ಆ ಕಡೆಯಿಂದ ಪ್ರಕಟಣೆ: "ಕಂಟ್ರೋಲ್ ರೂಮಿಗೆ ಪ್ರಯಾಣಿಕರ ಪ್ರವೇಶ ಇರುವುದಿಲ್ಲ." ಅಜ್ಜಿ ಭಟ್ಕಳದವರೆಗೂ ಕಿಟಕಿಯ ಕಡೆಗೇ ಮುಖ ತಿರುಗಿಸಿ ಕೂತಳು.

ಮರುವಾರ ನಾನು ಮಾಮನನ್ನು ತರಾಟೆಗೆ ತೆಗೆದುಕೊಂಡೆ. "ಮನೆ ಬಾಗಿಲಿಗೆ ಬಂದವಳನ್ನ ಓಡ್ಸಿದ್ರಲ್ಲ?"

ಫೋನನ್ನು ಷರಟಿನ ತುದಿಯಿಂದ ಉಜ್ಜುತ್ತಾ ಕೂತರು. ಆಮೇಲೆ ಪ್ರಕಟಣೆಯ ದನಿ ಬಿಟ್ಟು, ನಾನು ಯಾವತ್ತೂ ಕೇಳಿರದ ಸಣ್ಣ ದನಿಯಲ್ಲಿ ಹೇಳಿದರು. "ದನಿ ಕೇಳಿ ಅವ್ಳು ಎಂತೆಂತ ಅಂದ್ಕಂಡಿದ್ಲೋ ಏನೋ ಮಾರಾಯ. ಈ ಕಡ್ಡಿಯಂಗಿದ್ದವ್ನ ಕಂಡ್ರೆ ನಗ್ತ್ಲು. ಆಮೇಲೆ ಜಗಳ ಮಾಡೂಕೆ ಫೋನ್ ಮಾಡ್ತ್ಲಾ?"

ಆ ಸಣ್ಣ ದನಿಯನ್ನು ಮಾತ್ರ ನಾನು ಯಾರಿಗೂ ಮಾಡಿ ತೋರಿಸಲಿಲ್ಲ.

ಶಾಲೆಗೆ ಬೇಸಿಗೆ ರಜೆ ಬಂದ ಹೊತ್ತಿಗೆ ಮಾಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು. ಜೊತೆಗೆ ದನಿಯೂ. ನಾನು ಹೋದಾಗ ಅವರು ಅದೇ ಕುರ್ಚಿಯಲ್ಲಿ, ಅದೇ ಇಸ್ತ್ರಿ ಷರಟಿನಲ್ಲಿ, ಎದುರಿಗೆ ಬಡಿದುಕೊಳ್ಳುತ್ತಿದ್ದ ಫೋನನ್ನು ನೋಡುತ್ತ ಕೂತಿದ್ದರು. ನಾನು ಎತ್ತಿದೆ. ಏನು ಹೊಳೆಯಿತೋ, ಅವರ ದನಿಯಲ್ಲೇ ಶುರು ಮಾಡಿದೆ. "ಪ್ರಯಾಣಿಕರ ಗಮನಕ್ಕೆ." ಹೇಳಿದ ಮೇಲೆ ಭಯವಾಯಿತು. ಮಾಮ ನನ್ನನ್ನೇ ನೋಡಿದರು. ಮುಖದ ಒಂದು ಬದಿ ನಕ್ಕಿತು. ನಾನು "ಕುಮಟಾ" ಎಂದ ಕೂಡಲೇ ಎಡಗೈ ಎತ್ತಿ ತಡೆದರು, ಚೀಲ ಎತ್ತಿಕೊಳ್ಳಲು ಟೈಮ್ ಕೊಡು ಎಂದು. ಆ ರಜೆ ಪೂರ್ತಿ ಹಾಗೇ ನಡೆಯಿತು. ದನಿ ನಾನು, ಕಂಟ್ರೋಲರ್ ಅವರು. ಸಾಹೇಬರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಜಟ್ಟಮ್ಮಜ್ಜಿಗೆ. ಫೋನಿನಲ್ಲಿ ಅವಳು ಮಾಮೂಲಿನಂತೆ ಬೈದಳು. ನಾನು ಮಾಮನ ದನಿಯಲ್ಲಿ "ಆತು, ಆತು" ಎಂದೆ.

"ಯಾರಾ ನೀನು?" ಎಂದಳು. "ಇಷ್ಟು ಬೈದ್ರೂ ತಿರುಗಿ ಬೈದಿಲ್ಲ. ದನಿ ಅವ್ನದೇ, ಅವ ಅಲ್ಲ. ಅವ್ನಿಗೆ ಎಂತ ಆತು?"

ನಾನು ಮಾಮನ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ನನ್ನ ದನಿಯಲ್ಲೇ ಎಲ್ಲ ಹೇಳಿದೆ. ಅಜ್ಜಿ, "ಬತ್ತೆ ಬತ್ತೆ ಅಂತಿದ್ದ" ಎಂದಳು. ಫೋನು ಇಟ್ಟಳು.

ಕುಮಟಾದ ಆಸ್ಪತ್ರೆಯಲ್ಲಿ ಮಾಮನ ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಕರೆದೊಯ್ದವನು ನಾನು, ಹಿಂದೆ ಶಾಂತಕ್ಕ. ಮರಳುವಾಗ ಕಾನೂನಿನ ಪ್ರಕಾರ ಕೇಳಿದೆ, "ಮಾಮಾ, ಕೋರಿಕೆ ನಿಲುಗಡೆ?" ಅವರು ರಸ್ತೆಯನ್ನೇ ನೋಡುತ್ತ ಕೂತರು. ನಗಿಸೋಣವೆಂದು ಅವರದೇ ದನಿಯಲ್ಲಿ "ಹಳದೀಪುರ" ಎಂದೆ. ಎಡಗೈ ಮುಂದಕ್ಕೆ ತೋರಿಸಿತು. "ಕರ್ಕಿ." ಮುಂದಕ್ಕೆ. ಹೊನ್ನಾವರ ಬಂತು, ಮನೆಯ ಕಡೆ ತಿರುಗಿಸಲು ಹೋದೆ. ಎದುರಿನ ಹಲಗೆಯ ಮೇಲೆ ಡಬ್ ಎಂದು ಬಡಿದರು. ನೇರ ಹೋಗು.

"ಅಣ್ಣಂಗೆ ಊಟದ ಹೊತ್ತಾತು" ಎಂದಳು ಶಾಂತಕ್ಕ. ಮತ್ತೆ ಡಬ್.

ಶರಾವತಿ ಸೇತುವೆ ದಾಟಿತು. ಕಾಸರಕೋಡ, ಮಂಕಿ, ಎಲ್ಲದಕ್ಕೂ ಕೈ ಮುಂದೆಯೇ. ಶಿರಾಲಿಯ ಹತ್ತಿರ ಅವರು ನನ್ನ ಕನ್ನಡಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಬೆರಳಿನಿಂದ ಕೂದಲು ಬಾಚಿಕೊಳ್ಳತೊಡಗಿದರು. ಆಗ ನನಗೆ ಗೊತ್ತಾಯಿತು, ಇದು ಬೆಳಕೆಯ ದಾರಿ. ರೂಟು ಬಿಡುವಂತಿಲ್ಲ ಎಂದು ಕಾನೂನು ಮಾಡಿದ ಮನುಷ್ಯ ತನ್ನ ಮನೆಯನ್ನೇ ದಾಟಿಕೊಂಡು ಹೋಗುತ್ತಿದ್ದರು. ಹಿಂದಿನ ಲಾರಿ ಕಾಣದೆ ನಾನು ದೇವರ ಮೇಲೆ ಭಾರ ಹಾಕಿ ಓಡಿಸಿದೆ.

ಬೆಳಕೆಯ ಆ ಓಣಿಗೆ ವ್ಯಾನು ಹೋಗುವುದಿಲ್ಲ. ಬೇಲಿ ಇದ್ದ ಜಾಗದಲ್ಲಿ ನಿಲ್ಲಿಸಿ ಹಾರನ್ ಹಾಕಿದೆ. "ಇವತ್ತು ನಂಗೆ ಗಾಡಿ ಇಲ್ವಲಾ!" ಎಂದು ಒಳಗಿನಿಂದ ಕೂಗು ಬಂತು. ಅಜ್ಜಿ ಬಾಗಿಲಿನಿಂದ ಇಣುಕಿ, ಮುಂದಿನ ಸೀಟಿನಲ್ಲಿದ್ದವರನ್ನು ಕಂಡು, "ತಡಿ, ಕಾಲು ಹಾಕ್ಕಂತೆ" ಎಂದು ಒಳಗೆ ಹೋದಳು. ಹೊರಬಂದಾಗ ಸೀರೆಯೂ ಬೇರೆಯಾಗಿತ್ತು. ಕಲ್ಲು, ಬೇರು, ಸಣ್ಣ ಇಳಿಜಾರು. ಅವಳು ಕೋಲೂರಿ ಒಂದೊಂದೇ ಹೆಜ್ಜೆ ಬಂದಳು. ಮಾಮ ಕಣ್ಣು ಕೀಳಲಿಲ್ಲ.

ಕಿಟಕಿಯ ಹತ್ತಿರ ನಿಂತು ಅವಳು ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ನಾನು ಅವರ ದನಿಯಲ್ಲಿ ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಮಾಮ ನನ್ನ ತೊಡೆಗೆ ಹೊಡೆದು ಸುಮ್ಮನಾಗಿಸಿದರು. ಅವರಿಗೆ ಬಲಗೈಗೆ ವಾಚು ಕಟ್ಟುವ ರೂಢಿ. ಜೀವವಿಲ್ಲದ ಆ ಕೈಯನ್ನು ಎಡಗೈಯಿಂದ ಎತ್ತಿ ಕಿಟಕಿಯ ಮೇಲೆ ಇಟ್ಟು, ವಾಚಿನ ಮೇಲೆ ಬೆರಳಿನಿಂದ ಕುಟ್ಟಿದರು.

"ಕಂಡ್ತು, ಕಂಡ್ತು" ಎಂದಳು ಅಜ್ಜಿ. "ಈ ಸಲ ಲೇಟಾದವ ನೀನು." ಆಮೇಲೆ, "ಇಷ್ಟು ಸಣ್ಣಕ್ಕಿದ್ದವ ಅಷ್ಟು ದೊಡ್ಡ ದನಿ ಎಲ್ಲಿ ಇಟ್ಕಂಡಿದ್ಯಾ ಮಾರಾಯ?"

ಅವಳು ನಕ್ಕಳು. ಅವರು ಹೆದರಿದ್ದ ನಗೆ ಅದೇ. ಮಾಮನೂ ನಕ್ಕರು, ಅರ್ಧ ಮುಖದಲ್ಲಿ, ಕಣ್ಣಲ್ಲಿ ನೀರು ಬರುವಷ್ಟು. ವಾಚಿನ ಆ ಕೈಯನ್ನು ಅಜ್ಜಿ ಕಿಟಕಿಯಿಂದ ಜಾರದಂತೆ ಹಿಡಿದುಕೊಂಡೇ ನಿಂತಳು. ಹತ್ತು ನಿಮಿಷ ಕಳೆದು ಎಷ್ಟೋ ಹೊತ್ತಾಗಿತ್ತು. ಹೇಳುವ ಧೈರ್ಯ ಯಾರಿಗಿತ್ತು?

ಮಳೆಗಾಲ ಮುಗಿಯುವ ಮೊದಲೇ ಮಾಮ ಹೋದರು. ಫೋನು ಈಗ ನನ್ನ ಬಳಿ ಇದೆ. ನನ್ನ ದನಿಯಲ್ಲೇ ಮಾತಾಡುತ್ತೇನೆ, ಅದೂ ಸುಮಾರಾಗಿದೆಯಂತೆ. ಕುಮಟಾ ಎಂದ ಮೇಲೆ ಮರೆಯದೆ ಉಸಿರು ಎಳೆದುಕೊಳ್ಳುತ್ತೇನೆ.

ಜಟ್ಟಮ್ಮಜ್ಜಿಯ ಕೋರಿಕೆ ನಿಲುಗಡೆ ಈಗ ಹೊನ್ನಾವರದ ಬಸ್ ನಿಲ್ದಾಣ. ಇಳಿಯುವುದಿಲ್ಲ. ಹೊರಗೆ ವ್ಯಾನು ನಿಲ್ಲಿಸಿದರೆ ಗಾಜು ಇಳಿಸಿ, ಮೈಕಿನಲ್ಲಿ ಬರುವ ರೆಕಾರ್ಡು ಮಾಡಿದ ಹೆಣ್ಣುದನಿಯನ್ನು ಕೇಳುತ್ತ ಕೂರುತ್ತಾಳೆ. ಮೊನ್ನೆ ನಾನೇ ಕೇಳಿದೆ, "ಅಜ್ಜಿ, ಅವ್ರ ದನಿ ನಾ ಮಾಡ್ಲಾ? ಒಂದೇ ಸಲ?"

"ಬೇಡ. ನೀ ಮಾಡಿದ್ರೆ ಅವ ಬಂದಂಗೇ ಆತದೆ. ಆಮೇಲೆ ಕಳ್ಸೂದು ಯಾರು?"

ಒಂದು ಬಸ್ಸು ಹಿಂದಕ್ಕೆ ಸರಿದು ಹೊರಟಿತು. ಜನ ಓಡಿದರು. ಅಜ್ಜಿ ಗಾಜು ಏರಿಸಿದಳು.

"ಹತ್ತು ನಿಮಿಷ ಆತು" ಎಂದಳು. "ಹೊರಡು, ಅವ ಬೈತ."